ಸಹಿಗೆ ಮುಂಚೆ ಬರೆದಿಟ್ಟ ಒಂದು ಹಾಳೆ

ಆಪ್ತಸಲಹೆಗೆ ಅವರು ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಅರವತ್ತು ದಾಟಿದವರು, ನಿವೃತ್ತರು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಹಿನ್ನೆಲೆ ಇಷ್ಟು ಸಾಕು. ಗುರುತು ಹತ್ತುವಂಥ ಉಳಿದ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.

ಮೊದಲ ಭೇಟಿಯ ಮುಕ್ಕಾಲು ಪಾಲು ರಕ್ತದೊತ್ತಡ, ಮಾತ್ರೆ, ರಾತ್ರಿ ಎರಡಕ್ಕೆ ಎಚ್ಚರವಾಗುವುದು ಇದರಲ್ಲೇ ಕಳೆಯಿತು. ಎದ್ದು ಏನು ಮಾಡ್ತೀರಿ ಎಂದು ಕೇಳಿದೆ. ಸ್ವಲ್ಪ ತಡೆದು, "ನಾಯಿ ಉಸಿರಾಡ್ತಿದೆಯಾ ಅಂತ ನೋಡ್ತೀನಿ" ಎಂದರು. ಅಂಗಿಯ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ತಾರೀಖು, ಗಂಟೆ, ಪಕ್ಕದಲ್ಲಿ ಒಂದು ಅಂಕಿ: 18, 20, 17, 19. ಮಲಗಿರುವ ನಾಯಿಯ ಎದೆ ನಿಮಿಷಕ್ಕೆ ಎಷ್ಟು ಸಲ ಏರಿಳಿಯಿತು ಎನ್ನುವ ಲೆಕ್ಕ. ಮೂರು ವಾರದ ರಾತ್ರಿಗಳು ಅದರಲ್ಲಿದ್ದವು. ಅದೇ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಇನ್ನೊಂದು ಕಾಗದವಿತ್ತು. ಪಶುವೈದ್ಯರು ಕೊಟ್ಟ ಒಪ್ಪಿಗೆ ಪತ್ರ. ಮಡಿಕೆಗಳು ಸವೆದು ಹರಿಯುವ ಹಾಗಾಗಿದ್ದವು, ಸಹಿಯ ಜಾಗ ಮಾತ್ರ ಖಾಲಿ.

ನಾಯಿಗೆ ಹದಿಮೂರು ವರ್ಷ. ಇಲ್ಲಿ ಅದನ್ನು ಕರಿಯ ಎನ್ನೋಣ. ಮೇಲ್ದವಡೆಯ ದೊಡ್ಡ ಹಲ್ಲು ಕೆಟ್ಟಿತ್ತು. ಮೂರು ಬೇರಿನ ಹಲ್ಲು ಅದು. ಬೇರಿನ ತುದಿ ಕಣ್ಣಿಗೆ ಹತ್ತಿರ ಇರುವುದರಿಂದ ಕೀವು ತುಂಬಿದಾಗ ಕಣ್ಣಿನ ಕೆಳಗೆ ಊದಿಕೊಳ್ಳುತ್ತದೆ. ಆಂಟಿಬಯಾಟಿಕ್ ಕೊಟ್ಟರೆ ಇಳಿಯುವುದು, ಬಿಟ್ಟರೆ ಮತ್ತೆ ಏಳುವುದು, ಹೀಗೆ ಎರಡು ಸುತ್ತು ಆಗಿತ್ತು. ಪೂರ್ತಿ ಅರಿವಳಿಕೆ ಕೊಟ್ಟು ಕೀಳಬೇಕು ಎಂದರು ವೈದ್ಯರು. ಹೃದಯದಲ್ಲಿ ಸಣ್ಣ ಮರ್ಮರ, ಅಂದರೆ ಬಡಿತದ ಜೊತೆ ಇರಬಾರದ ಒಂದು ಸದ್ದು, ಕೇಳಿಸುತ್ತಿದೆ ಎಂದೂ ಹೇಳಿದರು. ಆ ಎರಡನೆಯ ಮಾತು ಕಿವಿಗೆ ಬಿದ್ದ ಮೇಲೆ ಇವರಿಗೆ ಮೊದಲನೆಯದು ಕೇಳಿಸುವುದೇ ನಿಂತುಹೋಯಿತು.

ಇಂಥವರು ಬರುತ್ತಲೇ ಇರುತ್ತಾರೆ. ನೇರವಾಗಿ ನಾಯಿಯ ವಿಷಯ ಎತ್ತುವವರು ಕಡಿಮೆ. ನಿದ್ದೆ, ಎದೆಬಡಿತ, ಮನೆಯಲ್ಲಿ ಜಗಳ ಎಂದು ಶುರುಮಾಡಿ, ಏಳುವ ಹೊತ್ತಿಗೆ ನಾಚಿಕೆಯಿಂದ ನಿಜ ಹೇಳುತ್ತಾರೆ. ನಾಯಿಗೋಸ್ಕರ ಇಷ್ಟೊಂದಾ ಎಂದು ಯಾರೋ ಆಗಲೇ ಅಂದಿರುತ್ತಾರೆ. ಆ ಪ್ರಶ್ನೆಗೆ ಉತ್ತರಿಸುತ್ತ ಕೂರುವ ವ್ಯವಧಾನ ನನಗಿಲ್ಲ.

ಬರೆಯಬೇಕೆನಿಸಿದ್ದು ಬೇರೆ ಕಾರಣಕ್ಕೆ. ಈ ಪ್ರಕರಣದಲ್ಲಿ ನಾನು ಮೊದಲೇ ಎಡವಿದೆ. ಅವರ ಮುಖ ನೋಡಲಾರದೆ ಸಮಾಧಾನಕ್ಕೆ ಅಂಕಿಅಂಶ ಕೊಟ್ಟೆ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಅರಿವಳಿಕೆ ಪಡೆದ ಸುಮಾರು 98,000 ನಾಯಿಗಳ ಲೆಕ್ಕವಿಟ್ಟು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಅರಿವಳಿಕೆಯ ಕಾರಣಕ್ಕೆ ಸತ್ತವು ಶೇ. 0.17 ಮಾತ್ರ ಎಂದೆ. ಅವರು ನನ್ನನ್ನೇ ನೋಡಿದರು.

"ಮೇಡಂ, ನನ್ನ ಹತ್ರ ಇರೋದು ಒಂದೇ ನಾಯಿ. ಸತ್ರೆ ಪೂರ್ತಿ ಸಾಯುತ್ತೆ."

ನನ್ನ ಬಾಯಿ ಕಟ್ಟಿಹೋಯಿತು. ಅಷ್ಟೇ ಅಲ್ಲ, ನಾನು ಹೇಳಿದ ಅಂಕಿ ಅರ್ಧ ಸತ್ಯ. ಅದೇ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ನಾಯಿಗಳಿಗೆ ಶೇ. 0.05, ಕಾಯಿಲೆಯಿದ್ದವುಗಳಿಗೆ ಶೇ. 1.33. ಅಂದರೆ ಎರಡು ಸಾವಿರಕ್ಕೆ ಒಂದರ ಆಸುಪಾಸು ಇದ್ದದ್ದು ಎಪ್ಪತ್ತೈದಕ್ಕೆ ಒಂದಾಗುತ್ತದೆ. ವಯಸ್ಸು ಕಾಯಿಲೆಯಲ್ಲ ಎಂದು ಪಶುವೈದ್ಯರು ಧೈರ್ಯ ಹೇಳುವುದುಂಟು. ಆದರೆ ವಯಸ್ಸು ಏರಿದಂತೆ ಅಪಾಯವೂ ಏರುತ್ತದೆ ಎಂದು ಅದೇ ಲೆಕ್ಕ ಹೇಳುತ್ತದೆ. ಮುಂದಿನ ಭೇಟಿಯಲ್ಲಿ ಇದೆಲ್ಲವನ್ನೂ ಹೇಳಿ, ಮೊದಲ ದಿನ ನಿಮ್ಮನ್ನು ಬೇಗ ಸಮಾಧಾನ ಮಾಡಲು ಹೋದೆ, ತಪ್ಪಾಯಿತು ಎಂದೆ. ಭುಜ ಸಡಿಲಿಸಿ ಕುರ್ಚಿಗೆ ಒರಗಿದರು. ಕೆಟ್ಟ ಅಂಕಿ ಕೇಳಿ ಹಗುರಾದವರನ್ನು ಆವತ್ತು ಮೊದಲ ಸಲ ಕಂಡೆ.

ಆಮೇಲೆ ಉಸಿರಿನ ನೋಟ್‌ಬುಕ್ ಪಕ್ಕಕ್ಕಿಡಲು ಹೇಳಿ ಒಂದೇ ಪ್ರಶ್ನೆ ಕೇಳಿದೆ: ಅದು ಹೇಗೆ ಊಟ ಮಾಡುತ್ತದೆ?

"ಚೆನ್ನಾಗೇ ತಿನ್ನುತ್ತೆ" ಎಂದರು ಥಟ್ಟನೆ.

ಹಾಗಲ್ಲ, ನಿನ್ನೆ ರಾತ್ರಿ ತಟ್ಟೆ ಇಟ್ಟಲ್ಲಿಂದ ಹೇಳಿ ಎಂದೆ.

ಅವರು ಕಣ್ಣುಮುಚ್ಚಿ ಹೇಳತೊಡಗಿದರು. ತಟ್ಟೆ ಇಟ್ಟರೆ ಓಡಿ ಬರುತ್ತೆ. ಮೂಸುತ್ತೆ. ಒಂದು ತುಂಡು ಬಾಯಿಗೆ ತಗೊಂಡು ತಲೆ ಬಲಕ್ಕೆ ವಾಲಿಸುತ್ತೆ. ಎಡಗಡೆಯಿಂದ ಜಾರಿ ಬೀಳುತ್ತೆ. ಬಿದ್ದದ್ದನ್ನು ನೆಕ್ಕುತ್ತೆ, ಮತ್ತೆ ಎತ್ತುತ್ತೆ. ಆಮೇಲೆ ನುಂಗುತ್ತೆ, ಅಗಿಯೋದಿಲ್ಲ. ನಡುವೆ ಒಂದ್ಸಲ ತಟ್ಟೆ ಬಿಟ್ಟು ಬಾಗಿಲ ತನಕ ಹೋಗಿ ಸುಮ್ಮನೆ ನಿಂತು ಬರ್ತಾನೆ. ನಾನು ನೀರಲ್ಲಿ ನೆನೆಸಿ ಕೊಡ್ತೀನಿ. ಮೊದಲು ಒಣದನ್ನೇ ಕಟಕಟ ಅಂತ ತಿಂತಿದ್ದ. ಅವನು ತಿನ್ನೋ ಸದ್ದು ಪಕ್ಕದ ರೂಮಿಗೆ ಕೇಳಿಸ್ತಿತ್ತು.

ಎರಡು ಭೇಟಿಯಲ್ಲೂ ಅವರು "ನಾಯಿ", "ಅದು" ಎಂದೇ ಹೇಳುತ್ತ ಬಂದಿದ್ದರು. ತಟ್ಟೆ ಬಿಟ್ಟು ಬಾಗಿಲ ತನಕ ಹೋದಲ್ಲಿ "ಅದು" ಹೋಗಿ "ಅವನು" ಬಂದ. ಅವರ ಗಮನಕ್ಕೆ ಬಂದಿರಲಿಲ್ಲ, ನಾನೂ ಎತ್ತಿ ಆಡಲಿಲ್ಲ.

ನೆನೆಸಿ ಕೊಡಲು ಶುರುಮಾಡಿ ಎಷ್ಟು ದಿನವಾಯಿತು ಎಂದು ಕೇಳಿದೆ.

"ಒಂದ್ ವರ್ಷ..." ಎಂದವರು ಅಲ್ಲೇ ನಿಂತರು. ಗೋಡೆಯ ಕಡೆ ನೋಡುತ್ತ ಬಹಳ ಹೊತ್ತು ಕೂತರು. ಮತ್ತೆ, "ವಯಸ್ಸಾಯ್ತು ಅಂದ್ಕೊಂಡೆ ಮೇಡಂ. ಆಟ ಬಿಟ್ಟಾಗಲೂ ಹಾಗೇ ಅಂದ್ಕೊಂಡೆ. ರಾತ್ರಿಯೆಲ್ಲ ಅವನು ಸಾಯ್ತಾನಾ ಅಂತ ಎಣಿಸ್ತಾ ಕೂತೆ. ಹಗಲು ಎದುರಿಗೇ ನೋವು ತಿಂತಿದ್ದ, ಅದನ್ನ ಎಣಿಸಲಿಲ್ಲ."

ಇದನ್ನು ಕೇಳಿದ ಕೂಡಲೇ "ಹಾಗಾದರೆ ಆಪರೇಷನ್ ಮಾಡಿಸಿ" ಎನ್ನುವುದು ಸುಲಭವಿತ್ತು. ನಾನು ಹೇಳಲಿಲ್ಲ. ಹೇಳುವ ಅಧಿಕಾರ ನನಗಿಲ್ಲ ಎಂಬುದು ಒಂದು. ಹೊಸದಾಗಿ ಹುಟ್ಟಿದ ಅಪರಾಧಿ ಭಾವದಲ್ಲಿ ಹಾಕಿದ ಸಹಿ ಭಯದಲ್ಲಿ ಹಾಕದೆ ಉಳಿದ ಸಹಿಗಿಂತ ಮೇಲೇನೂ ಅಲ್ಲ ಎಂಬುದು ಇನ್ನೊಂದು. ವೈದ್ಯರ ಬಳಿ ಮತ್ತೊಮ್ಮೆ ಹೋಗಿ, ಭಯವನ್ನು ಪ್ರಶ್ನೆ ಮಾಡಿಕೊಂಡು ಹೋಗಿ ಎಂದೆ. ಒಟ್ಟಿಗೆ ಕೂತು ಬರೆದೆವು. ರಕ್ತ, ಮೂತ್ರದ ಪರೀಕ್ಷೆಯಲ್ಲಿ ಮೂತ್ರಪಿಂಡ, ಯಕೃತ್ತು ಹೇಗಿವೆ? ಮರ್ಮರಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕೆ? ಉಸಿರಿನ ಕೊಳವೆ ಹಾಕುತ್ತೀರಾ, ಬಾಯಲ್ಲಿನ ನೀರು ಶ್ವಾಸಕೋಶಕ್ಕೆ ಇಳಿಯದ ಹಾಗೆ? ಬಿಪಿ, ಆಮ್ಲಜನಕ, ಮೈಬಿಸಿ ನೋಡಿಕೊಳ್ಳಲು ಹಲ್ಲು ಕೀಳುವವರಲ್ಲದೆ ಬೇರೆ ಒಬ್ಬರು ಇರುತ್ತಾರಾ? ದವಡೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಅರಿವಳಿಕೆ ಕಡಿಮೆ ಸಾಕಾಗುತ್ತದೆಯೇ? ಎಕ್ಸ್‌ರೇಯಲ್ಲಿ ಇನ್ನೂ ನಾಲ್ಕು ಹಲ್ಲು ಕೆಟ್ಟಿದ್ದು ಕಂಡರೆ ನನಗೆ ಫೋನ್ ಮಾಡುತ್ತೀರೋ, ಕಿತ್ತೇ ಬಿಡುತ್ತೀರೋ? ನಡುವೆ ಬಿಪಿ ಕುಸಿದರೆ ನಿಲ್ಲಿಸಿ ಉಳಿದದ್ದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದೇ? ಎಚ್ಚರವಾಗುವಾಗ ಪಕ್ಕದಲ್ಲಿ ಯಾರು ಕೂರುತ್ತಾರೆ? ಈ ಕೊನೆಯದನ್ನು ನಾನು ಒತ್ತಿ ಬರೆಸಿದೆ. ಆ ಅಧ್ಯಯನದಲ್ಲಿ ಸತ್ತ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸತ್ತದ್ದು ಎಲ್ಲ ಮುಗಿದ ಮೇಲೆ, ಅದರಲ್ಲೂ ಹೆಚ್ಚಿನವು ಮೊದಲ ಕೆಲವು ಗಂಟೆಗಳಲ್ಲಿ.

ಅರಿವಳಿಕೆ ಇಲ್ಲದೆ ಹಲ್ಲು ಶುಚಿ ಮಾಡುವವರ ವಿಷಯವೂ ಅವರ ತಲೆಯಲ್ಲಿತ್ತು. ವೈದ್ಯರು ಒಂದೇ ಮಾತಲ್ಲಿ ತಳ್ಳಿಹಾಕಿದರಂತೆ: ಅದು ಕಾಣುವ ಹಲ್ಲನ್ನು ಬೆಳ್ಳಗೆ ಮಾಡುತ್ತದೆ, ಕಾಯಿಲೆ ಇರುವುದು ಒಸಡಿನ ಒಳಗೆ.

ಇದೇನು ಆಪ್ತಸಲಹೆಯೋ ಪಶುವೈದ್ಯಕೀಯವೋ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಆತಂಕದ ಜೊತೆ ಕೂತು ಉಸಿರಾಟದ ಅಭ್ಯಾಸ ಮಾಡಿಸಬಹುದಿತ್ತಲ್ಲ ಎಂದು. ಮಾಡಿಸಬಹುದಿತ್ತು. ಆದರೆ ಈ ಮನುಷ್ಯನ ಭಯಕ್ಕೆ ನಿಜವಾದ ಆಧಾರವಿತ್ತು. ಆಧಾರವಿರುವ ಭಯವನ್ನು ಬರೀ ಮನಸ್ಸಿನ ಆಟ ಎನ್ನುವ ಹಾಗೆ ನಡೆಸಿಕೊಂಡರೆ ಬಂದವರಿಗೆ ಅವಮಾನವಾಗುತ್ತದೆ. ಯಾರನ್ನು ಏನು ಕೇಳಬೇಕು ಎಂದು ಗೊತ್ತಾದ ಭಯ ರಾತ್ರಿ ಎರಡಕ್ಕೆ ಎಬ್ಬಿಸುವುದು ಕಡಿಮೆ. ಅವರ ನೋಟ್‌ಬುಕ್ಕಿನಲ್ಲಿ ಆ ವಾರ ನಾಲ್ಕು ರಾತ್ರಿ ಖಾಲಿ ಇದ್ದವು. ನನ್ನ ಪರವಾಗಿ ಹೇಳಿಕೊಳ್ಳಲು ಅದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ನಾನು ಹಟ ಹಿಡಿದದ್ದು ಇನ್ನೊಂದಕ್ಕೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ, ಹಾಕದಿರಲು ನಿರ್ಧರಿಸಿದರೂ ಸರಿ, ಒಂದು ಹಾಳೆಯಲ್ಲಿ ನಿಮ್ಮ ಕೈಯಲ್ಲೇ ಬರೆಯಿರಿ ಎಂದೆ. ಇವತ್ತಿಗೆ ನಿಮಗೆ ಏನು ಗೊತ್ತು, ವೈದ್ಯರು ಏನಂದರು, ಯಾಕೆ ಈ ದಾರಿ ಹಿಡಿದಿರಿ. ತಾರೀಖು ಹಾಕಿ ಅಂಟಿಸಿಡಿ. ಹೀಗೆ ಸಾವಿಗೆ ಸಿದ್ಧತೆ ಮಾಡುವುದು ಅಪಶಕುನ ಎಂದರು ಅವರ ಪತ್ನಿ. ಇರಬಹುದು. ಆದರೆ ಫಲ ಕೈಗೆ ಬಂದ ಮೇಲೆ ಮನುಷ್ಯರು ತಮ್ಮದೇ ನೆನಪನ್ನು ತಿದ್ದಿಕೊಳ್ಳುವುದನ್ನು ನಾನು ದಿನಾ ನೋಡುತ್ತೇನೆ. ಕೆಟ್ಟದ್ದಾದರೆ "ನನಗೆ ಆಗಲೇ ಅನಿಸಿತ್ತು" ಎನ್ನುತ್ತಾರೆ. ಅನಿಸಿರುವುದಿಲ್ಲ. ಇಲ್ಲದ ಮುನ್ಸೂಚನೆಯನ್ನು ಕಡೆಗಣಿಸಿದೆನೆಂದು ವರ್ಷಗಟ್ಟಲೆ ಕೊರಗುತ್ತಾರೆ.

ಉಳಿದವು ಸಣ್ಣ ಮಾತುಗಳು. ಹಿಂದಿನ ರಾತ್ರಿ ಕನಿಕರದಿಂದ ಏನೂ ತಿನ್ನಿಸಬೇಡಿ, ವೈದ್ಯರು ಹೇಳಿದ ಗಂಟೆಯ ಮೇಲೆ ಒಂದು ತುತ್ತೂ ಬೇಡ. ಮನೆಗೆ ಬಂದ ಸಂಜೆ ಅವನು ಕುಂಯ್‌ಗುಟ್ಟಬಹುದು, ನಡುಗಬಹುದು, ನಿಮ್ಮನ್ನು ಗುರುತಿಸದ ಹಾಗೆ ನೋಡಬಹುದು. ಬಹಳಷ್ಟು ಸಲ ಅದು ಮದ್ದಿನ ಮಂಪರು. ಅನುಮಾನ ಬಂದರೆ ಆಸ್ಪತ್ರೆಗೆ ಫೋನ್ ಮಾಡಿ, ಆದರೆ ಆ ನೋಟವನ್ನು ನಿಮ್ಮ ಮೇಲಿನ ದೂರು ಎಂದು ಓದಬೇಡಿ. ನಮ್ಮ ನೋವಿನ ಮಾತ್ರೆಗಳನ್ನು ಮಾತ್ರ ಕೊಡಲೇಬೇಡಿ, ಐಬುಪ್ರೊಫೇನ್‌ನಂಥದ್ದು ನಾಯಿಗೆ ವಿಷ.

ಎಕೋದಲ್ಲಿ ಹೃದಯ ತಡೆದುಕೊಳ್ಳುತ್ತದೆ ಎಂದು ಬಂತು. ಸಹಿ ಹಾಕಿದರು. ನಲವತ್ತೆರಡು ಹಲ್ಲಿನಲ್ಲಿ ಏಳು ಹೋದವು. ಕರಿಯ ಸಂಜೆಗೆ ತೂರಾಡುತ್ತ ಮನೆಗೆ ಬಂದ. ಒಸಡು ಮಾಯ್ದ ಮೇಲೆ ತಟ್ಟೆ ಬಿಟ್ಟು ಬಾಗಿಲಿಗೆ ಹೋಗುವುದನ್ನು ನಿಲ್ಲಿಸಿದ. ನೋಡಿ, ನಮ್ಮ ಸಲಹೆ ಸರಿಯಾಯಿತು ಎಂದು ಇಲ್ಲಿಗೆ ಮುಗಿಸಲು ನನಗೂ ಆಸೆಯೇ.

ಹನ್ನೊಂದು ತಿಂಗಳ ಮೇಲೆ ಅವರು ಮತ್ತೆ ಬಂದರು. ಹೊಟ್ಟೆಯೊಳಗಿನ ಗುಲ್ಮದಲ್ಲಿ (ಸ್ಪ್ಲೀನ್) ಗಡ್ಡೆಯಾಗಿ, ಅದು ಒಡೆದು, ಕರಿಯ ಎರಡು ದಿನದಲ್ಲಿ ಹೋಗಿದ್ದ. ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ಆದರೂ ಇವರು ಕೂತ ಕೂಡಲೇ ಕೇಳಿದ್ದು, "ಆ ಮದ್ದಿಂದಲೇ ಏನಾದ್ರೂ ಆಯ್ತಾ? ನನಗೆ ಆಗಲೇ ಅನ್ನಿಸಿತ್ತು ಮೇಡಂ, ಬೇಡ ಅಂತ."

ಆ ಹಾಳೆ ಎಲ್ಲಿದೆ ಎಂದು ಕೇಳಿದೆ. ಅಂಗಿಯ ಜೇಬಿನಲ್ಲೇ ಇತ್ತು, ಅಂಟು ಬಿಡಿಸಿರಲಿಲ್ಲ. ಬಿಡಿಸಿದರು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು.

"ಅವನು ಒಂದು ವರ್ಷದಿಂದ ಎಡಗಡೆ ಅಗಿದಿಲ್ಲ. ನಾನು ವಯಸ್ಸು ಅಂದುಕೊಂಡಿದ್ದೆ. ನನಗೆ ಹೆದರಿಕೆ ಇದೆ, ಆದರೂ ಮಾಡಿಸಬೇಕು ಅಂತಲೇ ಅನ್ನಿಸುತ್ತಿದೆ."

ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು, ಈ ಸಲ ಸದ್ದಿಲ್ಲದೆ. ಮಡಚಿ ಜೇಬಿಗಿಟ್ಟು, ಮುಂದಿನ ವಾರ ಇದೇ ಹೊತ್ತಿಗೆ ಬರಬಹುದಾ ಎಂದು ಕೇಳಿದರು. ರಾತ್ರಿ ಎರಡಕ್ಕೆ ಈಗಲೂ ಎಚ್ಚರವಾಗುತ್ತದಂತೆ, ಎದ್ದು ಏನು ಮಾಡಬೇಕೆಂದು ತೋಚುವುದಿಲ್ಲವಂತೆ.