ಮೂರೇ ದಿನಕ್ಕೆ ನೋವು ಕಳೆಯುವ ಪುಡಿ

ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಈ ಅಂಕಣದಲ್ಲಿ ಇನ್ನು ಉತ್ತರವಿಲ್ಲ ಎಂದು ಹಿಂದೆಯೇ ಬರೆದಿದ್ದೆ. ಆದರೂ ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದೇ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಬೆಳಗಾವಿಯ ವ್ಯಾಕ್ಸಿನ್ ಡಿಪೋದಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವವರೂ ನನ್ನನ್ನು ನಿಲ್ಲಿಸಿ ಕೇಳುವುದು ಕಷಾಯದ ಬಗ್ಗೆ. ಲಸಿಕೆಯ ಬಗ್ಗೆ ಯಾರೂ ಕೇಳುವುದಿಲ್ಲ. ಆ ಪತ್ರಗಳನ್ನೆಲ್ಲ ಬದಿಗಿಟ್ಟಿದ್ದೇನೆ. ಒಂದನ್ನು ಮಾತ್ರ ಇಡಲಾಗಲಿಲ್ಲ, ಏಕೆಂದರೆ ಅದರ ಜೊತೆ ರಕ್ತಪರೀಕ್ಷೆಯ ವರದಿ ಇತ್ತು.

ಪ್ರಶ್ನೆ: ನಮ್ಮ ಅವ್ವನಿಗೆ 52 ವರ್ಷ. ನಾಲ್ಕು ವರ್ಷಗಳಿಂದ ಕೀಲುವಾತ. ವೈದ್ಯರು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ಕೊಟ್ಟಿದ್ದರು. ಅದು ರೋಗನಿರೋಧಕ ಶಕ್ತಿಯನ್ನೇ ಕೊಲ್ಲುತ್ತದೆ ಎಂದು ತಿಳಿದು ಎರಡು ತಿಂಗಳ ಹಿಂದೆ ಬಿಡಿಸಿದೆವು. ಈಗ ಶಕ್ತಿ ಹೆಚ್ಚಿಸುವ ಗಿಡಮೂಲಿಕೆ ಪುಡಿ ಕೊಡುತ್ತಿದ್ದೇವೆ. ಮೂರೇ ದಿನಕ್ಕೆ ನೋವು ಹೋಯಿತು. ಎಷ್ಟೋ ದಿನಗಳ ನಂತರ ಅವ್ವ ತಾನೇ ರೊಟ್ಟಿ ಬಡಿದಳು. ಮುಖವೂ ತುಂಬಿಕೊಂಡಿದೆ. ಇದನ್ನೇ ಮುಂದುವರಿಸಬಹುದೇ? (ಜಮಖಂಡಿ ತಾಲ್ಲೂಕಿನಿಂದ)

ಉತ್ತರ: ಮುಂದುವರಿಸಬಾರದು. ಹಾಗೆಂದು ಇವತ್ತೇ ಥಟ್ಟನೆ ನಿಲ್ಲಿಸಲೂಬಾರದು. ಪೂರ್ತಿ ಓದಿ, ಅರ್ಧ ಓದಿ ಪುಡಿಯನ್ನು ತಿಪ್ಪೆಗೆ ಎಸೆಯಬೇಡಿ.

ನೀವು ಕಳಿಸಿದ ವರದಿಯಲ್ಲಿ ಒಟ್ಟು ಬಿಳಿ ರಕ್ತಕಣ 14,200. ಅದರ ಕೆಳಗೆ ಗೆರೆ ಎಳೆದು ‘ಶಕ್ತಿ ಏರಿದೆ’ ಎಂದು ಬರೆದಿದ್ದೀರಿ. ನನ್ನ ಕಣ್ಣು ಹೋದದ್ದು ಅದರ ಕೆಳಗೆ, ಬಿಳಿ ಕಣಗಳಲ್ಲಿ ಯಾವ ಬಗೆ ನೂರಕ್ಕೆ ಎಷ್ಟು ಎಂದು ಹೇಳುವ ಸಾಲುಗಳಿಗೆ: ನ್ಯೂಟ್ರೋಫಿಲ್ 86, ಲಿಂಫೋಸೈಟ್ 11, ಮಾನೋಸೈಟ್ 3, ಇಯೋಸಿನೋಫಿಲ್ ಸೊನ್ನೆ. ಜ್ವರವಿಲ್ಲ, ಕೆಮ್ಮಿಲ್ಲ, ಗಾಯವಿಲ್ಲ ಎಂದು ನೀವೇ ಬರೆದಿದ್ದೀರಿ. ಸೋಂಕಿಲ್ಲದ ಮೈಯಲ್ಲಿ ಈ ನಾಲ್ಕು ಅಂಕಿಗಳು ಒಟ್ಟಿಗೆ ಕಂಡರೆ, ಜೊತೆಗೆ ಮುಖ ಊದಿ ಮೂರು ದಿನದಲ್ಲಿ ನೋವು ಮಾಯವಾಗಿದ್ದರೆ, ನಾನು ಮೊದಲು ಕೇಳುವುದು ಒಂದೇ ಮಾತು: ಪುಡಿಯಲ್ಲಿ ಯಾವ ಸ್ಟಿರಾಯ್ಡ್ (ಉರಿಯೂತವನ್ನು ಬೇಗ ಅಡಗಿಸುವ ಔಷಧ) ಬೆರೆಸಿದ್ದಾರೆ? ಪರೀಕ್ಷೆ ಮಾಡಿಸದೆ ಪ್ರಮಾಣ ಮಾಡಿ ಹೇಳಲಾರೆ. ಆದರೆ ಕೀಲುನೋವಿನ ಪೊಟ್ಟಣಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಗಳನ್ನು ಅರೆದು ಸೇರಿಸುವುದು ಹಳೆಯ ಕಸುಬು. ಕೀಲುವಾತವನ್ನು ಮೂರು ದಿನದಲ್ಲಿ ಇಳಿಸುವ ಬೇರು ನನಗೆ ಗೊತ್ತಿಲ್ಲ. ಮೆಥೋಟ್ರೆಕ್ಸೇಟ್‌ನಂಥ ಗಟ್ಟಿ ಔಷಧಕ್ಕೇ ಗುಣ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು.

ಹಾಗಾದರೆ ಬಿಳಿ ರಕ್ತಕಣ ಏರಿದ್ದು ಹೇಗೆ? ನ್ಯೂಟ್ರೋಫಿಲ್‌ಗಳಲ್ಲಿ ದೊಡ್ಡ ಪಾಲು ರಕ್ತದಲ್ಲಿ ಹರಿಯುತ್ತಿರುವುದಿಲ್ಲ; ರಕ್ತನಾಳದ ಒಳಗೋಡೆಗೆ ಅಂಟಿಕೊಂಡು, ಎಲ್ಲಿ ಸೋಂಕಿದೆಯೋ ಅಲ್ಲಿ ಗೋಡೆ ದಾಟಿ ಒಳಹೋಗಲು ಕಾದಿರುತ್ತವೆ. ಸ್ಟಿರಾಯ್ಡ್ ಆ ಅಂಟನ್ನು ಬಿಡಿಸುತ್ತದೆ. ಬಿಡಿಸಿಕೊಂಡ ಕಣಗಳು ಹರಿವಿಗೆ ಬಂದು ಸೂಜಿಗೆ ಸಿಗುತ್ತವೆ. ಅಸ್ಥಿಮಜ್ಜೆಯಿಂದಲೂ ಇನ್ನಷ್ಟು ಹೊರಬೀಳುತ್ತವೆ. ಲಿಂಫೋಸೈಟ್‌ಗಳು ರಕ್ತ ಬಿಟ್ಟು ಮಜ್ಜೆಯ ಕಡೆ ಸರಿಯುತ್ತವೆ, ಇಯೋಸಿನೋಫಿಲ್‌ಗಳು ಕಾಣೆಯಾಗುತ್ತವೆ. ಎಣಿಕೆ ಏರಿತು ಎಂದು ನೀವು ಹಿಗ್ಗಿದಿರಿ. ಆ ಕಣಗಳು ತಲುಪಬೇಕಾದ ಜಾಗವನ್ನು ತಲುಪುತ್ತಿಲ್ಲ. ಅಂದರೆ ಶಕ್ತಿ ಕುಗ್ಗಿಸುವ ಮಾತ್ರೆ ಬಿಡಿಸಿ ನೀವು ಕೊಡುತ್ತಿರುವುದು, ಅದಕ್ಕಿಂತ ಒರಟಾಗಿ ಶಕ್ತಿ ಕುಗ್ಗಿಸುವ, ಅಳತೆಯಿಲ್ಲದ, ಹೆಸರಿಲ್ಲದ ಔಷಧ. ಮಾರಿದವನಿಗೆ ಇದು ಗೊತ್ತು. ನಿಮಗೆ ಗೊತ್ತಿರಲಿಲ್ಲ, ಅಷ್ಟೇ.

ಇನ್ನು ಮೂಲ ತಪ್ಪುಕಲ್ಪನೆ. ನಿಮ್ಮ ತಾಯಿಯವರಿಗೆ ರೋಗನಿರೋಧಕ ಶಕ್ತಿ ಸಾಲದೆ ಕೀಲುವಾತ ಬಂದದ್ದಲ್ಲ. ಇದು ಬೇಲಿಯೇ ಎದ್ದು ಹೊಲ ಮೇಯ್ದ ರೋಗ. ಕೀಲಿನ ಒಳಪದರಕ್ಕೆ ರೋಗನಿರೋಧಕ ಪಡೆಯ ಕೋಶಗಳೇ, ಅಂದರೆ ಟಿ ಕೋಶಗಳು, ಬಿ ಕೋಶಗಳು, ಮ್ಯಾಕ್ರೋಫೇಜ್‌ಗಳು ನುಗ್ಗಿ ಠಿಕಾಣಿ ಹೂಡುತ್ತವೆ. ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್ ಎಂಬ, ಉರಿಯೂತ ಎಬ್ಬಿಸುವ ಪ್ರೋಟೀನನ್ನು ಸುರಿಸುತ್ತವೆ. ಪದರ ಊದುತ್ತದೆ, ಮೃದ್ವಸ್ಥಿ ಸವೆಯುತ್ತದೆ, ಕೊನೆಗೆ ಮೂಳೆಯೇ ಕರಗುತ್ತದೆ. ಇಂಥವರಿಗೆ ‘ಶಕ್ತಿ ಹೆಚ್ಚಿಸು’ ಎನ್ನುವವನು ಯಾವ ಕೋಶವನ್ನು ಹೆಚ್ಚಿಸುತ್ತಾನೆ ಎಂದು ಕೇಳಿ ನೋಡಿ.

ಆರೋಗ್ಯವಂತರಲ್ಲಿ ಹೀಗೇಕೆ ಆಗುವುದಿಲ್ಲ? ಅವರ ರಕ್ತದಲ್ಲಿ ಅವರದೇ ಮೈಮೇಲೆ ಏರಬಲ್ಲ ಟಿ ಕೋಶಗಳು ಇಲ್ಲವೆಂದಲ್ಲ. ಇವೆ, ಅವನ್ನು ತಡೆದು ಹಿಡಿಯುವ ಕೋಶಗಳೂ ಇವೆ. ನಮ್ಮ ಪ್ರಯೋಗಾಲಯದಲ್ಲಿ ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರ್ ಯಂತ್ರದ ಪರದೆಯಲ್ಲಿ ಒಂದೊಂದು ಕೋಶವೂ ಒಂದೊಂದು ಚುಕ್ಕೆ. ಮೇಲ್ಮೈಯಲ್ಲಿ ಸಿಡಿ4 ಎಂಬ ಪ್ರೋಟೀನಿನ ಗುರುತಿರುವ ಟಿ ಕೋಶಗಳ ದಟ್ಟ ಮೋಡದ ಅಂಚಿನಲ್ಲಿ, ನೂರಕ್ಕೆ ಐದರಿಂದ ಹತ್ತರಷ್ಟು ಚುಕ್ಕೆಗಳು ಬೇರೆಯಾಗಿ ಗುಂಪುಗೂಡಿರುತ್ತವೆ. ಇವು ನಿಯಂತ್ರಕ ಟಿ ಕೋಶಗಳು. ಇಲಿಗಳಲ್ಲಿ ಇವನ್ನು ತೆಗೆದರೆ ದೇಹ ತನ್ನನ್ನೇ ತಿನ್ನತೊಡಗುತ್ತದೆ ಎಂದು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿದರು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುವ ಒಂದು ಇಲಿ ತಳಿಯಲ್ಲಿ ಕೆಟ್ಟಿದ್ದ ಜೀನನ್ನು ಹುಡುಕಿದರು: ಫಾಕ್ಸ್‌ಪಿ3. ಅದೇ ಜೀನ್ ಕೆಟ್ಟ ಗಂಡುಮಕ್ಕಳಿಗೆ ಎಳೆತನದಲ್ಲೇ ಮಧುಮೇಹ, ನಿಲ್ಲದ ಭೇದಿ, ಚರ್ಮದ ಉರಿಯೂತ. ಈ ನಿಯಂತ್ರಕ ಕೋಶಗಳು ಹುಟ್ಟುವುದೂ ನಡೆಯುವುದೂ ಆ ಜೀನಿನಿಂದಲೇ ಎಂದು ಆಮೇಲೆ ತಿಳಿಯಿತು. ಮೂವರಿಗೂ 2025ರ ನೊಬೆಲ್ ಬಂತು. ತಡೆಯುವ ಕೋಶಕ್ಕೆ ನೊಬೆಲ್ ಬಂದ ವರ್ಷದಲ್ಲೂ ನಮ್ಮ ಊರುಗಳಲ್ಲಿ ಹೆಚ್ಚಿಸುವ ಪುಡಿಯ ಮಾರಾಟಕ್ಕೆ ಕುಂದಿಲ್ಲ.

ಮದ್ದು ಹಾಕಿ ಟಿ ಕೋಶಗಳನ್ನು ನಿಜವಾಗಿಯೂ ಎಬ್ಬಿಸಿದರೆ ಏನಾಗುತ್ತದೆ ಎಂಬುದನ್ನೂ ಜಗತ್ತು ನೋಡಿದೆ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಹೊಸ ಔಷಧವನ್ನು ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರೂ ಜನರ ಅಂಗಾಂಗಗಳು ಕೈಕೊಡತೊಡಗಿದವು. ತೀವ್ರ ನಿಗಾ ಘಟಕ ಸೇರಿ ಹೇಗೋ ಉಳಿದರು.

ಈಗ ಮಾಡಬೇಕಾದದ್ದು. ಎರಡು ತಿಂಗಳು ಸ್ಟಿರಾಯ್ಡ್ ಹೊರಗಿನಿಂದ ಬಂದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತಾನೇ ಸ್ಟಿರಾಯ್ಡ್ ತಯಾರಿಸುವ ಕೆಲಸವನ್ನು ನಿಲ್ಲಿಸಿರುತ್ತದೆ. ಪುಡಿಯನ್ನು ಒಮ್ಮೆಲೇ ಬಿಟ್ಟರೆ ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿತ, ಪ್ರಾಣಕ್ಕೂ ಬರಬಹುದು. ನಾಳೆಯೇ ಪೊಟ್ಟಣದ ಸಮೇತ ಅವರನ್ನು ಹಳೆಯ ವೈದ್ಯರ ಬಳಿಗೆ ಕರೆದೊಯ್ಯಿರಿ. ಬೈಯುತ್ತಾರೆ, ಬೈಸಿಕೊಳ್ಳಿ. ಅಳತೆ ಗೊತ್ತಿರುವ ಸ್ಟಿರಾಯ್ಡ್ ಕೊಟ್ಟು ಹಂತಹಂತವಾಗಿ ಇಳಿಸುವುದು ಅವರ ಕೆಲಸ. ಸಕ್ಕರೆ, ರಕ್ತದೊತ್ತಡ, ಮೂಳೆ ನೋಡಿಸಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ ಕಂಡರೆ ಕ್ಷಯದ ಪರೀಕ್ಷೆ ತಪ್ಪಿಸಬೇಡಿ. ಮ್ಯಾಕ್ರೋಫೇಜ್‌ಗಳು ಸುತ್ತುಗಟ್ಟಿ ಅಡಗಿಸಿಟ್ಟ ಕ್ಷಯದ ರೋಗಾಣು ಸ್ಟಿರಾಯ್ಡ್ ಸಿಕ್ಕರೆ ಎದ್ದು ಕೂರುತ್ತದೆ.

ಮೆಥೋಟ್ರೆಕ್ಸೇಟ್ ಮತ್ತೆ ಶುರುವಾದರೆ ವಾರಕ್ಕೆ ಒಂದೇ ದಿನ. ಆ ದಿನದ ಹೆಸರನ್ನು ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆಯಿರಿ. ದಿನವೂ ನುಂಗಿ ಮಜ್ಜೆ ಬತ್ತಿ ಸತ್ತವರಿದ್ದಾರೆ. ಇದು ಉತ್ಪ್ರೇಕ್ಷೆಯಲ್ಲ.

ಪ್ರಶ್ನೆ: ಮೂರು ವರ್ಷದ ಮಗನಿಗೆ ಒಂದೂವರೆ ತಿಂಗಳಿಗೊಮ್ಮೆ ನೆಗಡಿ. ಶಕ್ತಿ ಕಡಿಮೆಯೇ? (ವಿಜಯಪುರ)

ಉತ್ತರ: ಅಂಗನವಾಡಿಗೆ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ನೆಗಡಿ ಸಹಜ. ಟಾನಿಕ್ ಬೇಡ. ಆದರೆ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ಮತ್ತೆ ಮತ್ತೆ ಕೀವುಗಡ್ಡೆ, ತೂಕ ಏರದಿರುವುದು ಇದ್ದರೆ ಮಾತು ಬೇರೆ. ನಮ್ಮ ಭಾಗದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿದೆ; ಇಂಥ ರಕ್ತಸಂಬಂಧದಲ್ಲಿ ಹುಟ್ಟಿನಿಂದಲೇ ಬರುವ ರೋಗನಿರೋಧಕ ದೋಷದ ಸಂಭವ ಹೆಚ್ಚು. ಅಂಥ ಮನೆಯಲ್ಲಿ ಹಿಂದೊಂದು ಕೂಸು ಸೋಂಕಿನಿಂದ ತೀರಿಕೊಂಡಿದ್ದರೆ ಅದನ್ನು ಹಣೆಬರಹ ಎಂದು ಬಿಡಬೇಡಿ. ಮುಂದಿನ ಮಗು ಹುಟ್ಟಿದೊಡನೆ, ಬಿಸಿಜಿ ಹಾಕಿಸುವ ಮೊದಲೇ, ವೈದ್ಯರಿಗೆ ತಿಳಿಸಿ. ಹುಟ್ಟಿನಿಂದಲೇ ಟಿ ಕೋಶಗಳಿಲ್ಲದ ಮಗುವಿಗೆ ಆ ಜೀವಂತ ಲಸಿಕೆಯೇ ಕಾಯಿಲೆಯಾಗುತ್ತದೆ.

ಪ್ರಶ್ನೆ: ಬಿಳಿ ರಕ್ತಕಣ ಹೆಚ್ಚಲು ಏನು ತಿನ್ನಬೇಕು? (ಗೋಕಾಕ)

ಉತ್ತರ: ಏನೂ ಬೇಡ. ಕೆಲವು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಅವು ಲಕ್ಷ ದಾಟುವುದೂ ಉಂಟು. ಯಾರೂ ಅದನ್ನು ಬಲ ಎನ್ನುವುದಿಲ್ಲ.

ಪ್ರಶ್ನೆ: ನನಗೆ ಕಾಯಿಲೆಯೇನೂ ಇಲ್ಲ. ಶಕ್ತಿ ಅಳೆಯಲು ಸಿಡಿ4 ಪರೀಕ್ಷೆ ಮಾಡಿಸಲೇ? (ಬಾಗಲಕೋಟೆ)

ಉತ್ತರ: ಬೇಡ. ಆ ದುಡ್ಡಿಗೆ ಮನೆಮಂದಿಯ ಧನುರ್ವಾಯು ಚುಚ್ಚುಮದ್ದು ಬಾಕಿ ಇದ್ದರೆ ಹಾಕಿಸಿ.

ಪ್ರಶ್ನೆ: ಅಮೃತಬಳ್ಳಿ ಕಷಾಯ ದಿನವೂ ಕುಡಿಯಬಹುದೇ? (ಬೈಲಹೊಂಗಲ)

ಉತ್ತರ: ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಕುಡಿದವರಲ್ಲಿ ಕೆಲವರಿಗೆ ಯಕೃತ್ತಿನ ಉರಿಯೂತವಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಾನು ಕುಡಿಯುವುದಿಲ್ಲ.

ವರದಿ ಕಳಿಸುವವರು ಹೆಸರು, ಮೊಬೈಲ್ ಸಂಖ್ಯೆ ಮುಚ್ಚಿ ಕಳಿಸಿ. ಸೇವಿಸುತ್ತಿರುವ ಪುಡಿ, ಕಷಾಯ, ಎಣ್ಣೆಗಳನ್ನು ಮುಚ್ಚಿಡದೆ ಬರೆಯಿರಿ.