ಶೀಟ್ ಛಾವಣಿಯ ಕೊಟೇಶನ್‌ನಲ್ಲಿರುವ ಟಿಸಿಟಿ, ಪರ್ಲಿನ್, ಲ್ಯಾಪ್, ಫ್ಲಾಷಿಂಗ್ ಅಂದರೆ ಏನು? ಯಾವುದನ್ನು ಗಟ್ಟಿಯಾಗಿ ವಿಚಾರಿಸಬೇಕು?

ಬಣ್ಣ, ಬ್ರ್ಯಾಂಡ್ ಬಗ್ಗೆ ಎಲ್ಲರೂ ಚೌಕಾಸಿ ಮಾಡುತ್ತಾರೆ. ಆದರೆ ಹೊಸ ಛಾವಣಿಯಲ್ಲಿ ಸೋರುವುದು ಶೀಟಲ್ಲ, ಅದರ ಸಂದುಗಳು: ಒಂದರ ಮೇಲೊಂದು ಕೂರುವ ಅಂಚು, ಸ್ಕ್ರೂ ತೂತು, ಗೋಡೆಗೆ ತಾಗುವ ಜಾಗ. ನೀವು ಕೇಳಿದ ಪದಗಳಲ್ಲಿ ಹೆಚ್ಚಿನವು ಈ ಸಂದುಗಳಿಗೇ ಸಂಬಂಧಪಟ್ಟವು.

ಮೊದಲು ದಪ್ಪ. ಟಿಸಿಟಿ ಅಂದರೆ ಲೇಪನ, ಬಣ್ಣ ಎಲ್ಲ ಸೇರಿದ ಒಟ್ಟು ದಪ್ಪ. ಬಿಎಂಟಿ ಅಂದರೆ ಒಳಗಿನ ಬರೀ ಉಕ್ಕಿನ ದಪ್ಪ. 0.48 ಮಿ.ಮೀ. ಟಿಸಿಟಿ ಶೀಟಿನಲ್ಲಿ ಉಕ್ಕು ಹೆಚ್ಚೂಕಡಿಮೆ 0.42. ಭಾರ ಹೊರುವುದು ಉಕ್ಕು, ಬಣ್ಣವಲ್ಲ. ಹಾಗಾಗಿ ಎರಡು ಕೊಟೇಶನ್ ಹೋಲಿಸುವ ಮುಂಚೆ ಎರಡರಲ್ಲೂ ಬಿಎಂಟಿ ಬರೆಸಿಕೊಳ್ಳಿ. ಎಝಡ್ 150 ಎಂದಿದ್ದರೆ ಅಲ್ಯೂಮಿನಿಯಂ-ಸತು ಲೇಪನ ಎರಡೂ ಮೈ ಸೇರಿ ಚದರ ಮೀಟರಿಗೆ 150 ಗ್ರಾಂ ಎಂದರ್ಥ.

ಎಣಿಕೆ ತಪ್ಪುವುದು ಅಗಲದಲ್ಲಿ. ಶೀಟಿನ ಪೂರ್ತಿ ಅಗಲ 1.07 ಮೀಟರ್ ಇದ್ದರೂ ಅಂಚು ಪಕ್ಕದ್ದರ ಮೇಲೆ ಕೂತಾಗ ಮುಚ್ಚುವುದು 1 ಮೀಟರ್ ಎಂದಿಟ್ಟುಕೊಳ್ಳಿ. ಇದೇ ಕವರ್ ಅಗಲ. 16 ಮೀಟರ್ ಉದ್ದದ ಮಾಡಿಗೆ ಪೂರ್ತಿ ಅಗಲದ ಲೆಕ್ಕ ಹಿಡಿದು 15 ಶೀಟು ತರಿಸಿದರೆ ಕೊನೆಗೆ ಒಂದು ಮೀಟರ್ ಬಯಲು.

ಪರ್ಲಿನ್ ಅಂದರೆ ಶೀಟಿನ ಕೆಳಗೆ ಅಡ್ಡಕ್ಕೆ ಹೋಗುವ ಪೈಪು ಅಥವಾ ಚಾನೆಲ್. ಹಂಚಿನ ಮಾಡಿನಲ್ಲಿ ರೀಪು ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಈ ದಪ್ಪದ ಶೀಟಿಗೆ ನಡುವೆ 1.2 ಮೀಟರ್, ಸೂರು ಮತ್ತು ನೆತ್ತಿಯ ಹತ್ತಿರದ ಅಂತರ 0.9 ಮೀಟರ್ ಮೀರದಿರಲಿ, ಏಕೆಂದರೆ ಗಾಳಿ ಶೀಟನ್ನು ಮೇಲಕ್ಕೆಳೆಯುವ ಜೋರು ಅಂಚುಗಳಲ್ಲೇ ಹೆಚ್ಚು. ವಾಟ 12 ಅಡಿಗೆ 1 ಅಡಿ, ಅಂದರೆ ಸುಮಾರು 5 ಡಿಗ್ರಿಗಿಂತ ಕಡಿಮೆ ಬೇಡ. ನನ್ನನ್ನು ಕೇಳಿದರೆ 10 ಡಿಗ್ರಿ ಕೊಡಿ.

ಸೈಡ್ ಲ್ಯಾಪ್ ಅಂದರೆ ಪಕ್ಕದ ಅಂಚು. ಶೀಟನ್ನು ತುದಿಯಿಂದ ನೋಡಿ: ಒಂದು ಪಕ್ಕದ ಉಬ್ಬಿನ ಕಾಲು ಪೂರ್ತಿ ಇಳಿದಿದ್ದು ಅದರಲ್ಲಿ ಸಣ್ಣ ತೋಡು ಇರುತ್ತದೆ, ಇನ್ನೊಂದು ಪಕ್ಕ ಮೊಟಕು. ತೋಡಿನ ಪಕ್ಕ ಕೆಳಗೆ, ಮೊಟಕು ಪಕ್ಕ ಮೇಲೆ. ಅಂಟಿಕೊಂಡ ಎರಡು ಶೀಟಿನ ಸಂದಿನಲ್ಲಿ ನೀರು, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ಆ ತೋಡು ಅದನ್ನು ಅಲ್ಲೇ ತಡೆದು ಸೂರಿನತ್ತ ಇಳಿಸುತ್ತದೆ. ಉಲ್ಟಾ ಹಾಕಿದರೆ ಮೇಲಿನಿಂದ ಏನೂ ಗೊತ್ತಾಗುವುದಿಲ್ಲ, ಒಳಗೆ ಮಾತ್ರ ಸಾಲುಸಾಲಾಗಿ ತೊಟ್ಟಿಕ್ಕುತ್ತದೆ. ಮಳೆಗಾಳಿ ಯಾವ ಕಡೆಯಿಂದ ಬೀಸುತ್ತದೋ ಅದರ ಎದುರು ತುದಿಯಿಂದ ಶೀಟು ಹಾಕುತ್ತಾ ಬಂದರೆ ಸಂದಿನ ಬಾಯಿ ಗಾಳಿಗೆ ಒಡ್ಡುವುದಿಲ್ಲ.

ಎಂಡ್ ಲ್ಯಾಪ್ ಅಂದರೆ ಉದ್ದಕ್ಕೆ ಜೋಡಿಸುವುದು. ಆದಷ್ಟೂ ಬೇಡ, ಸೂರಿನಿಂದ ನೆತ್ತಿಯವರೆಗೆ ಒಂದೇ ಶೀಟು ತರಿಸಿ. ಆಗದಿದ್ದರೆ ವಾಟ 15 ಡಿಗ್ರಿಗಿಂತ ಹೆಚ್ಚಿದ್ದಲ್ಲಿ 150 ಮಿ.ಮೀ., ಕಡಿಮೆ ಇದ್ದಲ್ಲಿ 200ರಿಂದ 250. ಜೋಡಣೆ ಪರ್ಲಿನ್ ಮೇಲೆಯೇ ಬರಲಿ, ಎರಡು ಶೀಟಿನ ನಡುವೆ ಬ್ಯುಟೈಲ್ ಟೇಪು (ಸಂದು ಮುಚ್ಚುವ ರಬ್ಬರಿನಂಥ ಅಂಟುಪಟ್ಟಿ) ಇರಲಿ.

ಇನ್ನು ಸ್ಕ್ರೂ. ಸೆಲ್ಫ್ ಡ್ರಿಲ್ಲಿಂಗ್, ಅಂದರೆ ತಾನೇ ತೂತು ಕೊರೆದುಕೊಳ್ಳುವ ಸ್ಕ್ರೂವನ್ನು ಉಬ್ಬಿನ ನೆತ್ತಿಗೆ ಹೊಡೆಯಬೇಕು, ನೀರು ಹರಿಯುವ ತಗ್ಗಿಗಲ್ಲ. ಉಬ್ಬು 28–30 ಮಿ.ಮೀ. ಎತ್ತರವಿದ್ದರೆ 55 ಮಿ.ಮೀ. ಉದ್ದದ ಸ್ಕ್ರೂ ಸರಿಹೋಗುತ್ತದೆ. ಸೂರು ಮತ್ತು ನೆತ್ತಿಯ ಪರ್ಲಿನ್ ಮೇಲೆ ಪ್ರತಿ ಉಬ್ಬಿಗೂ, ನಡುವಿನವುಗಳಲ್ಲಿ ಒಂದು ಬಿಟ್ಟು ಒಂದಕ್ಕೆ. ಬಿಗಿ ಎಷ್ಟಿರಬೇಕು ಅನ್ನುವುದನ್ನು ವಾಷರ್ ಹೇಳುತ್ತದೆ: ಇಪಿಡಿಎಂ ರಬ್ಬರು ಲೋಹದ ಟೋಪಿಯ ಅಂಚಿನಿಂದ ಕೂದಲೆಳೆಯಷ್ಟು ಇಣುಕಿದರೆ ಸಾಕು. ರಬ್ಬರು ಹಿಂಡಿ ಹೊರಬಂದು ಟೋಪಿ ಬಟ್ಟಲಿನಂತಾದರೆ ಅಲ್ಲಿ ನೀರು ನಿಲ್ಲುತ್ತದೆ, ಒತ್ತಡಕ್ಕೆ ರಬ್ಬರು ಬೇಗ ಬಿರಿಯುತ್ತದೆ. ಇಂಪ್ಯಾಕ್ಟ್ ಡ್ರೈವರ್ ಹಿಡಿದು ಹೊಡೆದಲ್ಲೆಲ್ಲ ಇದೇ ಗತಿ. ಬಿಗಿ ಮಿತಿ ಇಡಬಹುದಾದ ಸ್ಕ್ರೂ ಗನ್ ಬೇಕು. ಸೊಟ್ಟಗೆ ಹೋದ ಸ್ಕ್ರೂ ತೆಗೆಸಿ, ಇನ್ನೂ ದಪ್ಪದ್ದನ್ನು ಹಾಕಿಸಿ.

ರಿಡ್ಜ್ ಕ್ಯಾಪ್ ನೆತ್ತಿಯ ಮುಚ್ಚಿಗೆ. ಅದರಡಿ ಶೀಟಿನ ತಗ್ಗಿನ ತುದಿಯನ್ನು ಇಕ್ಕಳದಿಂದ ಮೇಲಕ್ಕೆ ಮಡಚಿರಬೇಕು. ಇಲ್ಲದಿದ್ದರೆ ಗಾಳಿ ನೀರನ್ನು ಹಿಮ್ಮುಖವಾಗಿ ತಳ್ಳಿ ಒಳಗೆ ಚೆಲ್ಲುತ್ತದೆ. ಎರಡು ನಿಮಿಷದ ಈ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಫ್ಲಾಷಿಂಗ್ ಅಂದರೆ ಗೋಡೆ ಮತ್ತು ಶೀಟಿನ ನಡುವಿನ ಮಡಚಿದ ತಗಡು. ಗೋಡೆಯಲ್ಲಿ ಸುಮಾರು 25 ಮಿ.ಮೀ. ಆಳದ ತೋಡು ಕೊರೆದು ಮೇಲಂಚನ್ನು ಒಳಗೆ ತೂರಿಸಬೇಕು. ಗೋಡೆಗೆ ಆನಿಸಿ ಸಿಲಿಕೋನ್ ಬಳಿದರೆ ಅದು ತಾತ್ಕಾಲಿಕ. ಆ ಸಿಲಿಕೋನ್ ಕೂಡ ನ್ಯೂಟ್ರಲ್ ಕ್ಯೂರ್ ಇರಲಿ. ವಿನೆಗರ್‌ನಂಥ ಹುಳಿ ವಾಸನೆಯದು ಲೇಪನವನ್ನು ತಿನ್ನುತ್ತದೆ.

ಕತ್ತರಿಸಲು ಗ್ರೈಂಡರ್ ಹಿಡಿಯಬಾರದು, ಕಿಡಿಯ ಬಿಸಿಗೆ ಅಂಚಿನ ಲೇಪನ ಸುಡುತ್ತದೆ. ನಿಬ್ಲರ್ (ತಗಡನ್ನು ಚೂರುಚೂರಾಗಿ ಕಡಿಯುತ್ತಾ ಹೋಗುವ ಯಂತ್ರ) ಅಥವಾ ತಗಡು ಕತ್ತರಿ ಬಳಸಲಿ. ಸ್ಕ್ರೂ ಕೊರೆದಾಗ ಉದುರುವ ಕಬ್ಬಿಣದ ಚೂರನ್ನು ಅದೇ ಸಂಜೆ ಮೆತ್ತನೆಯ ಪೊರಕೆಯಿಂದ ಗುಡಿಸಿಸಿ. ಒಂದು ರಾತ್ರಿ ಇಬ್ಬನಿ ಬಿದ್ದರೆ ಸಾಕು, ಬೆಳಗ್ಗೆ ಹೊಸ ಶೀಟಿನ ಮೇಲೆಲ್ಲ ತುಕ್ಕಿನ ಚುಕ್ಕಿ.