ಓದುಗರ ಪ್ರಶ್ನೆ: ಆಂಗಲ್‌ಸಿ ದ್ವೀಪಕ್ಕೊಂದು ಪ್ರದಕ್ಷಿಣೆ

ಪ್ರಶ್ನೆ: ನನಗೆ 62 ವರ್ಷ, ಪತ್ನಿಗೆ 58. ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ಬರುವ ಮೇ ತಿಂಗಳ ನಡುವಿನಲ್ಲಿ ಅವಳ ಮನೆಗೆ ಹೋಗಿ, ಅಲ್ಲಿಂದ ವೇಲ್ಸಿನ ಆಂಗಲ್‌ಸಿ ದ್ವೀಪದ ಕರಾವಳಿ ದಾರಿಯನ್ನು ಪೂರ್ತಿಯಾಗಿ ನಡೆಯಬೇಕೆಂದುಕೊಂಡಿದ್ದೇವೆ. ದಿನವೂ ಆರೇಳು ಕಿ.ಮೀ. ನಡೆಯುವ ಅಭ್ಯಾಸ ಇಬ್ಬರಿಗೂ ಇದೆ, ಕಾರು ಓಡಿಸುವುದಿಲ್ಲ. ಎಷ್ಟು ದಿನ ಬೇಕು, ಎಲ್ಲಿಂದ ಶುರುಮಾಡಬೇಕು, ಎಲ್ಲಿ ಉಳಿಯಬೇಕು? ನಾವು ಸಸ್ಯಾಹಾರಿಗಳು. ಇದನ್ನು ಪ್ರದಕ್ಷಿಣೆಯ ಹಾಗೆ ಒಂದೇ ದಿಕ್ಕಿನಲ್ಲಿ ಮುಗಿಸಬೇಕೆಂಬುದು ಪತ್ನಿಯ ಆಸೆ.
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ನಿಯವರ ಆಸೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ದಾರಿಯ ಸ್ವಭಾವಕ್ಕೆ ಸರಿಯಾಗಿಯೇ ಇದೆ. ಈ ದಾರಿಯ ಅಧಿಕೃತ ಆರಂಭಸ್ಥಾನ ದ್ವೀಪದ ಪಶ್ಚಿಮ ತುದಿಯ ಹೋಲಿಹೆಡ್ ಪಟ್ಟಣದ ಸೇಂಟ್ ಕಬಿ ಚರ್ಚು. ಅಲ್ಲಿಂದ ಉತ್ತರಕ್ಕೆ ಹೊರಟು, ಪೂರ್ವಕ್ಕೆ ತಿರುಗಿ, ದಕ್ಷಿಣದ ದಂಡೆ ಹಿಡಿದು ಮತ್ತೆ ಚರ್ಚಿನ ಬಾಗಿಲಿಗೇ ಬಂದರೆ ಸುತ್ತು ಮುಗಿಯುತ್ತದೆ. ಹೀಗೆ ನಡೆದಾಗ ಕಡಲು ಎಡಕ್ಕೂ ದ್ವೀಪ ಬಲಕ್ಕೂ ಉಳಿಯುತ್ತದೆ. ದೇವಸ್ಥಾನದ ಪೌಳಿಯಲ್ಲಿ ನಾವು ಬರುವುದೂ ಹಾಗೆಯೇ. ಹಾಗಿದ್ದರೂ ದಿಕ್ಕಿನ ಬಗ್ಗೆ ಪಟ್ಟು ಹಿಡಿಯಬೇಡಿರೆಂದೇ ನನ್ನ ಸಲಹೆ. ಅದಕ್ಕೆ ಕಾರಣ ಬಸ್ಸು.

ದಾರಿಯ ಒಟ್ಟು ಉದ್ದ 130 ಮೈಲಿ, ಅಂದರೆ ಸುಮಾರು 210 ಕಿ.ಮೀ. ಅಧಿಕೃತವಾಗಿ ಇದನ್ನು 12 ಭಾಗಗಳಾಗಿ ವಿಂಗಡಿಸಿದ್ದಾರೆ. ಗಟ್ಟಿ ಕಾಲಿನವರು ಹನ್ನೆರಡು ದಿನಗಳಲ್ಲಿ ಮುಗಿಸುತ್ತಾರೆ, ನಿಮಗೆ ಹದಿನಾರು ದಿನ ಇರಲಿ. ದ್ವೀಪದ ಅತಿ ಎತ್ತರದ ಹೋಲಿಹೆಡ್ ಬೆಟ್ಟವೇ 220 ಮೀಟರ್. ಕುಂದಾದ್ರಿ ಹತ್ತಿದವರಿಗೆ ಅದೊಂದು ಗುಡ್ಡವೂ ಅಲ್ಲ. ಮೋಸ ಇರುವುದು ಬೇರೆ ಕಡೆ. ಬಂಡೆಯ ಅಂಚಿನ ದಾರಿ ಪ್ರತಿಯೊಂದು ಕೊಲ್ಲಿಗೂ ಇಳಿದು ಮತ್ತೆ ಹತ್ತುವುದರಿಂದ, ಇಡೀ ಸುತ್ತಿನಲ್ಲಿ ನೀವು ಹತ್ತುವ ಎತ್ತರವನ್ನು ಕೂಡಿದರೆ 4,000 ಮೀಟರ್ ದಾಟುತ್ತದೆ. ಉತ್ತರ ತೀರದ ಕೆಮೈಸ್‌ನಿಂದ ಅಮ್ಲುಖ್‌ವರೆಗಿನ ಭಾಗ ನಕ್ಷೆಯಲ್ಲಿ ಗೇಣುದ್ದ ಕಾಣುತ್ತದೆ, ಆದರೆ ಮಂಡಿಗೆ ಅದರಷ್ಟು ಕೆಲಸ ಕೊಡುವ ಭಾಗ ಇನ್ನೊಂದಿಲ್ಲ. ಅಂದು ಬೇರೇನನ್ನೂ ಇಟ್ಟುಕೊಳ್ಳಬೇಡಿ.

ಈಗ ಬಸ್ಸಿನ ವಿಷಯ. ಹೆಚ್ಚಿನವರು ಮೊದಲು ದಿನಕ್ಕಿಷ್ಟು ಕಿ.ಮೀ. ಎಂದು ಭಾಗಿಸಿ, ಆಮೇಲೆ ಆ ತುದಿಗಳಲ್ಲಿ ಬಸ್ಸು ಹುಡುಕುತ್ತಾರೆ. ಆಂಗಲ್‌ಸಿಯಲ್ಲಿ ಇದನ್ನು ತಲೆಕೆಳಗು ಮಾಡಬೇಕು. ಪಟ್ಟಣಗಳ ನಡುವೆ ಬಸ್ಸು ಪರವಾಗಿಲ್ಲ. ಸಣ್ಣ ಊರುಗಳಿಗೆ ದಿನಕ್ಕೆ ಕೆಲವೇ ಸಲ, ಭಾನುವಾರವಂತೂ ಅನೇಕ ಕಡೆ ಇಲ್ಲವೇ ಇಲ್ಲ. ಆದ್ದರಿಂದ ವೇಳಾಪಟ್ಟಿಯನ್ನು ಮೊದಲು ಎದುರಿಗಿಟ್ಟುಕೊಂಡು, ಬಸ್ಸು ನಿಲ್ಲುವ ಊರಿನಿಂದ ಬಸ್ಸು ನಿಲ್ಲುವ ಊರಿಗೆ ದಿನದ ನಡಿಗೆಯನ್ನು ಹೆಣೆಯಿರಿ. ಬೆಳಿಗ್ಗೆ ಬಸ್ಸಿನಲ್ಲಿ ದೂರದ ತುದಿಗೆ ಹೋಗಿ, ಅಲ್ಲಿಂದ ನಿಮ್ಮ ಕೋಣೆಯ ಕಡೆಗೆ ನಡೆದು ಬನ್ನಿ. ಸಂಜೆ ಕೊನೆಯ ಬಸ್ಸು ತಪ್ಪೀತೆಂಬ ಭಯದಲ್ಲಿ ಓಡುವ ಪ್ರಮೇಯವೇ ಆಗ ಬರುವುದಿಲ್ಲ. ನಾನು ಮೊದಲ ಸಲ ಹೋದಾಗ ಇದನ್ನು ತಿಳಿಯದೆ, ಒಂದು ಭಾನುವಾರ ಮಧ್ಯಾಹ್ನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತು, ಕೊನೆಗೆ ಫಲಕವನ್ನು ಕನ್ನಡಕ ಹಾಕಿಕೊಂಡು ಓದಿದೆ: ಸೋಮವಾರದಿಂದ ಶನಿವಾರದವರೆಗೆ ಮಾತ್ರ. ಭಾನುವಾರವನ್ನು ವಿಶ್ರಾಂತಿಗೆ ಮೀಸಲಿಡಿ.

ಹೀಗೆ ಮಾಡಿದರೆ ಕೆಲವು ದಿನ ನೀವು ಎದುರು ದಿಕ್ಕಿನಲ್ಲಿ ನಡೆಯಬೇಕಾಗುತ್ತದೆ. ಪತ್ನಿಯವರಿಗೆ ಇದು ಒಪ್ಪಿಗೆಯಾಗದಿದ್ದರೆ ಇನ್ನೊಂದು ಉಪಾಯವಿದೆ: ತಂಗುವ ಊರನ್ನು ಎರಡು ದಿನದ ನಡಿಗೆಗಳ ನಡುವೆ ಬರುವಂತೆ ಆರಿಸಿಕೊಂಡು, ಮೊದಲ ದಿನ ಬಸ್ಸಿನಲ್ಲಿ ಹಿಂದಕ್ಕೆ ಹೋಗಿ ಕೋಣೆಯವರೆಗೆ ನಡೆಯುವುದು, ಮರುದಿನ ಕೋಣೆಯಿಂದ ಮುಂದಕ್ಕೆ ನಡೆದು ಬಸ್ಸಿನಲ್ಲಿ ಮರಳುವುದು. ಎರಡನೆಯ ದಿನದ ನಡಿಗೆಯನ್ನು ಮಾತ್ರ ಗಿಡ್ಡದಾಗಿ ಇಟ್ಟುಕೊಳ್ಳಿ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ ಎಂಬುದು ನಿಜ. ಆದರೆ ಬಸ್ಸುಗಳು ಸೂರ್ಯನನ್ನು ನೋಡಿ ಓಡುವುದಿಲ್ಲ.

ತಂಗಲು ನಾಲ್ಕು ಊರುಗಳು ಸಾಕು: ಹೋಲಿಹೆಡ್, ಕೆಮೈಸ್ ಅಥವಾ ಅಮ್ಲುಖ್, ಪೂರ್ವದ ಬ್ಯೂಮಾರಿಸ್, ನೈಋತ್ಯದ ರೋಸ್‌ನೈಗರ್. ದಿನಕ್ಕೊಂದು ಊರು ಬದಲಿಸುತ್ತ ಬೆನ್ನ ಮೇಲೆ ಸಂಸಾರ ಹೊತ್ತು ನಡೆಯುವುದು ನಿಮ್ಮ ವಯಸ್ಸಿಗೆ ಬೇಡ. ದಾರಿಯ ಪಕ್ಕದಲ್ಲಿ ಎಲ್ಲೆಂದರಲ್ಲಿ ಡೇರೆ ಹಾಕುವ ಹಕ್ಕು ವೇಲ್ಸಿನಲ್ಲಿ ಯಾರಿಗೂ ಇಲ್ಲ. ಕೋಣೆ ಹಿಡಿಯುವಾಗ ಅಡುಗೆಮನೆ ಇರುವುದನ್ನೇ ನೋಡಿ. ಊಟದ ಪ್ರಶ್ನೆಗೆ ಅದೇ ಉತ್ತರ. ದಾರಿಯುದ್ದಕ್ಕೂ ಇರುವ ಸಣ್ಣ ಕೆಫೆಗಳು ಸಂಜೆಗೆ ಮೊದಲೇ ಬಾಗಿಲು ಹಾಕುತ್ತವೆ, ಪಬ್ಬುಗಳಲ್ಲಿ ಅಡುಗೆಗೆ ನಿಗದಿತ ಹೊತ್ತಿದೆ. ಸುಟ್ಟ ಆಲೂಗಡ್ಡೆಯ ಮೇಲೆ ಚೀಸ್ ಅಥವಾ ಬೀನ್ಸ್ ಸುರಿದು ಕೊಡುವುದು ಎಲ್ಲ ಕಡೆ ಸಿಗುತ್ತದೆ, ಮೂರನೆಯ ದಿನಕ್ಕೆ ಸಾಕಾಗುತ್ತದೆ. ಮಗಳ ಮನೆಯಿಂದ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕಟ್ಟಿಸಿಕೊಂಡು ಹೊರಡಿ.

ಮಳೆಯ ಬಗ್ಗೆ ತೀರ್ಥಹಳ್ಳಿಯವರಿಗೆ ಪಾಠ ಹೇಳುವುದು ಅಧಿಕಪ್ರಸಂಗವಾದೀತು. ಅಲ್ಲಿಯ ಮಳೆ ನಿಮ್ಮ ಜಡಿಮಳೆಯ ಮುಂದೆ ಏನೂ ಅಲ್ಲ. ಕಷ್ಟ ಕೊಡುವುದು ಗಾಳಿ. ಛತ್ರಿ ಒಂದು ಗಂಟೆಯೂ ಬಾಳುವುದಿಲ್ಲವಾದ್ದರಿಂದ ಟೋಪಿಯಿರುವ ಮಳೆಅಂಗಿ, ಮೇಲೊಂದು ಮಳೆಪ್ಯಾಂಟು ಬೇಕು. ಹವಾಮಾನ ವರದಿಯನ್ನು ದಿನವೂ ನೋಡಿರೆಂದು ಹೇಳುವಾಗ ಮೊಯ್ಲ್‌ವ್ರೆ ಎಂಬ ಪೂರ್ವತೀರದ ಹಳ್ಳಿಯನ್ನು ನೆನೆಯದಿರಲಾರೆ. 1859ರ ಅಕ್ಟೋಬರ್ 26ರಂದು, ಆಸ್ಟ್ರೇಲಿಯದ ಚಿನ್ನದ ಗಣಿಗಳಿಂದ ಮರಳುತ್ತಿದ್ದವರನ್ನು ಹೊತ್ತು ಲಿವರ್‌ಪೂಲಿಗೆ ಹೊರಟಿದ್ದ ‘ರಾಯಲ್ ಚಾರ್ಟರ್’ ಹಡಗು ಆ ಹಳ್ಳಿಯ ಬಂಡೆಗಳಿಗೆ ಬಡಿದು ಒಡೆಯಿತು. ನಾನ್ನೂರಕ್ಕೂ ಹೆಚ್ಚು ಜನ ಸತ್ತರು. ಬ್ರಿಟನ್ನಿನ ಹವಾಮಾನ ಇಲಾಖೆಯ ಮುಖ್ಯಸ್ಥ ರಾಬರ್ಟ್ ಫಿಟ್ಜ್‌ರಾಯ್ ಬಂದರುಗಳಿಗೆ ತಂತಿಯ ಮೂಲಕ ಬಿರುಗಾಳಿಯ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆಯನ್ನು 1861ರಲ್ಲಿ ಆರಂಭಿಸಿದ್ದು ಈ ದುರಂತದ ಪರಿಣಾಮವಾಗಿ. ದಾರಿ ಆ ದುರಂತದ ಸ್ಮಾರಕದ ಪಕ್ಕದಲ್ಲೇ ಸಾಗುತ್ತದೆ. ಗಾಳಿಯ ಎಚ್ಚರಿಕೆ ಇದ್ದ ದಿನ ಬಂಡೆಯಂಚಿನ ಭಾಗಗಳನ್ನು ಬಿಟ್ಟು ಬ್ಯೂಮಾರಿಸ್‌ನಲ್ಲಿ 1295ರಲ್ಲಿ ಕಟ್ಟಲಾರಂಭಿಸಿ ಮುಗಿಸದೆಯೇ ಬಿಟ್ಟ ಕೋಟೆಯನ್ನು ನೋಡಿಕೊಂಡು ಬನ್ನಿ.

ಇನ್ನು ದನಗಳು. ನಗಬೇಡಿ. ದಾರಿ ಅನೇಕ ಕಡೆ ಹುಲ್ಲುಗಾವಲುಗಳ ನಡುವೆಯೇ ಹೋಗುತ್ತದೆ. ಬೇಲಿ ದಾಟಲು ನಮ್ಮ ಕರಾವಳಿಯ ತೋಟಗಳ ತಡಮೆಯಂಥ ಮೆಟ್ಟಿಲುಗಳೋ, ಒಬ್ಬೊಬ್ಬರಾಗಿ ನುಸುಳುವ ಗೇಟುಗಳೋ ಇರುತ್ತವೆ. ನಮಗೆ ದನವೆಂದರೆ ಮೈದಡವುವ ಪ್ರಾಣಿ. ಅಲ್ಲಿಯ ದನಗಳಿಗೆ ಅಪರಿಚಿತರ ಕೈ ಗೊತ್ತಿಲ್ಲ, ಕರು ಜೊತೆಗಿದ್ದರೆ ಅವು ತಿರುಗಿ ಬೀಳಬಹುದು. ತಾಯಿ ಮತ್ತು ಕರುವಿನ ನಡುವೆ ಹೋಗದೆ, ದೂರದಿಂದ ಬಳಸಿ, ಗೇಟು ಮುಚ್ಚಿ ಮುಂದೆ ಸಾಗಿ.

ದಾರಿಗುರುತಿಗೆ ತೊಂದರೆಯಿಲ್ಲ. ಆದರೂ ಆರ್ಡ್‌ನೆನ್ಸ್ ಸರ್ವೆಯವರ 262 ಮತ್ತು 263ನೇ ಎಕ್ಸ್‌ಪ್ಲೋರರ್ ನಕ್ಷೆಗಳೆರಡು ಚೀಲದಲ್ಲಿರಲಿ, ಫೋನಿಗೆ ಸಿಗ್ನಲ್ ಇಲ್ಲದ ಕೊಲ್ಲಿಗಳಿವೆ. ಪ್ರಯಾಣ ವಿಮೆಯನ್ನು ಊರಿನಲ್ಲೇ ಮಾಡಿಸಿ. ತೀರದಲ್ಲಿ ಅಪಾಯವಾದರೆ 999ಕ್ಕೆ ಕರೆಮಾಡಿ ‘ಕೋಸ್ಟ್‌ಗಾರ್ಡ್’ ಎಂದು ಕೇಳಬೇಕು.

ಮೇ ತಿಂಗಳನ್ನು ಆರಿಸಿದ್ದು ಒಳ್ಳೆಯದಾಯಿತು. ವಾಯವ್ಯದ ಕಾರ್ಮೆಲ್ ಹೆಡ್ ಬಳಿ ಖಾಸಗಿ ಎಸ್ಟೇಟಿನೊಳಗಿನ ತೀರದ ದಾರಿ ಹಕ್ಕಿಬೇಟೆಯ ಕಾರಣಕ್ಕೆ ಚಳಿಗಾಲದುದ್ದಕ್ಕೂ ಮುಚ್ಚಿರುತ್ತದೆ, ನಿಮಗೆ ಅದು ತೆರೆದಿರುತ್ತದೆ. ಸೌತ್ ಸ್ಟ್ಯಾಕ್ ದೀಪಸ್ತಂಭದ ಎದುರಿನ ಕಡಿದಾದ ಬಂಡೆಗಳಲ್ಲಿ ಸಾವಿರಾರು ಕಡಲಹಕ್ಕಿಗಳು ಮೊಟ್ಟೆಯಿಡುವುದೂ ಆಗಲೇ. ಕೆಮೈಸ್ ದಾಟಿದ ಮೇಲೆ ಕಡಲಂಚಿನಲ್ಲಿ ಲಾನ್‌ಬಾಡ್ರಿಗ್ ಎಂಬ ಪುಟ್ಟ ಚರ್ಚು ಸಿಗುತ್ತದೆ. ಬಾಗಿಲು ತೆರೆದಿದ್ದರೆ ಒಳಗೆ ಹೋಗಿ. ಇಸ್ಲಾಮಿಗೆ ಮತಾಂತರಗೊಂಡಿದ್ದ ಲಾರ್ಡ್ ಸ್ಟಾನ್ಲಿ 1884ರಲ್ಲಿ ಅದರ ಜೀರ್ಣೋದ್ಧಾರಕ್ಕೆ ಹಣ ಕೊಟ್ಟಿದ್ದರಿಂದ, ಕ್ರೈಸ್ತರ ಆ ಗುಡಿಯೊಳಗೆ ಮಸೀದಿಯನ್ನು ನೆನಪಿಸುವ ನೀಲಿ ಹೆಂಚುಗಳಿವೆ. ಹತ್ತಿ ಇಳಿದು ಬೆವರಿದ ಮೇಲೆ ಅಲ್ಲಿಯ ತಂಪಿನಲ್ಲಿ ಹತ್ತು ನಿಮಿಷ ಕುಳಿತರೆ ದಿನದ ಉಳಿದರ್ಧ ಹಗುರವಾಗುತ್ತದೆ.

ಪ್ರಶ್ನೆ: ಆಂಗಲ್‌ಸಿಯ ದಾರಿಯಲ್ಲಿ ನೀರು ಏರುವ ಹೊತ್ತು ನೋಡಿಕೊಂಡೇ ನಡೆಯಬೇಕೆಂದು ಓದಿದೆ. ನಾವು ಹುಟ್ಟಿದಂದಿನಿಂದ ಕಡಲು ಕಂಡವರು. ಇದು ಅಷ್ಟು ದೊಡ್ಡ ವಿಷಯವೇ?
— ಓದುಗರು, ಕುಮಟಾ

ಉತ್ತರ: ಹೌದು, ಕಡಲು ಕಂಡವರೇ ಹೆಚ್ಚು ಎಚ್ಚರದಿಂದಿರಬೇಕಾದ ವಿಷಯ. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಅಮಾವಾಸ್ಯೆ, ಹುಣ್ಣಿಮೆಗಳ ದಿನವೂ ಎರಡು ಮೀಟರಿನ ಆಚೀಚೆ. ಹೋಲಿಹೆಡ್‌ನಲ್ಲಿ ಅದು ಐದು ಮೀಟರಿನಷ್ಟು. ದಂಡೆ ಸಪಾಟಾಗಿರುವಲ್ಲಿ ಈ ಐದು ಮೀಟರ್ ಎಂದರೆ ಕಣ್ಣಳತೆಯಷ್ಟು ಮರಳು. ರೆಡ್ ವಾರ್ಫ್ ಕೊಲ್ಲಿಯಲ್ಲಿ ಬೆಳಿಗ್ಗೆ ಮೈದಾನದಂತೆ ಹರಡಿದ್ದ ಮರಳು ಮಧ್ಯಾಹ್ನಕ್ಕೆ ಪೂರ್ತಿ ನೀರಾಗಿರುತ್ತದೆ. ನೀರು ಮುಂದಿನಿಂದ ಮಾತ್ರ ಬರುವುದಿಲ್ಲ, ಮರಳಿನ ತಗ್ಗುಗಳಲ್ಲಿ ಹರಿದು ಬೆನ್ನ ಹಿಂದೆಯೂ ಸೇರುತ್ತದೆ. ಆದ್ದರಿಂದ ಕೊಲ್ಲಿಗಳನ್ನು ನೇರವಾಗಿ ಅಡ್ಡ ಹಾಯುವ ಆಸೆಗೆ ಬೀಳದೆ ಗುರುತು ಹಾಕಿದ ದಾರಿಯಲ್ಲೇ ಬಳಸಿ ಬನ್ನಿ.

ದಾರಿಯ ಬಹುಪಾಲು ನೀರಿನ ಮಟ್ಟಕ್ಕಿಂತ ಎತ್ತರದಲ್ಲೇ ಇದೆ. ಹೊತ್ತು ನೋಡಬೇಕಾದದ್ದು ಮುಖ್ಯವಾಗಿ ಎರಡು ಕಡೆ, ಎರಡೂ ದಾರಿಯಿಂದ ತುಸು ಹೊರಗಿನವು, ಎರಡೂ ಬಿಡಬಾರದಂಥವು. ಒಂದು ನ್ಯೂಬರೋ ಕಾಡಿನ ಆಚೆ ಚಾಚಿಕೊಂಡ ಲಾನ್‌ಡ್ವಿನ್, ವೇಲ್ಸಿನ ಪ್ರೇಮಿಗಳನ್ನು ಕಾಯುವ ಸಂತಳೆನಿಸಿದ ಡ್ವಿನ್‌ವೆನ್‌ಳ ನೆಲೆ. ದೊಡ್ಡ ಉಬ್ಬರದಲ್ಲಿ ಅದು ಸ್ವಲ್ಪ ಹೊತ್ತು ದ್ವೀಪವಾಗುತ್ತದೆ. ಇನ್ನೊಂದು ಅಬರ್‌ಫ್ರೌ ಸಮೀಪದ ಸೇಂಟ್ ಕುಯ್ವಾನ್ ಚರ್ಚು. ಅದು ನಿಂತಿರುವುದು ಸುತ್ತ ಕಲ್ಲುಗೋಡೆ ಕಟ್ಟಿ ಉಳಿಸಿಕೊಂಡ ಅಂಗಳದಷ್ಟೇ ಅಗಲದ ಒಂದು ದಿಬ್ಬದ ಮೇಲೆ. ಇಳಿತದಲ್ಲಿ ಪಾಚಿಗಟ್ಟಿದ ಕಲ್ಲುಗಳ ಮೇಲೆ ಕಾಲಿಡುತ್ತ ಹೋಗಬಹುದು, ಉಬ್ಬರದಲ್ಲಿ ದಂಡೆಯಿಂದಲೇ ಕೈಮುಗಿಯಬೇಕು.

ಒಂದು ಸೂಕ್ಷ್ಮವನ್ನು ಮರೆಯಬೇಡಿ. ಅಂಗಡಿಗಳಲ್ಲಿ ಮಾರುವ ಉಬ್ಬರ-ಇಳಿತದ ಪುಸ್ತಿಕೆಗಳಲ್ಲಿ ಅನೇಕವು ಗ್ರೀನಿಚ್ ಸಮಯವನ್ನೇ ಅಚ್ಚು ಹಾಕಿರುತ್ತವೆ. ಬೇಸಿಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿರುತ್ತಾರೆ. ಪುಸ್ತಿಕೆಯ ಮೊದಲ ಪುಟ ನೋಡಿ, ಅಗತ್ಯವಿದ್ದರೆ ಒಂದು ಗಂಟೆ ಕೂಡಿಸಿಕೊಳ್ಳಿ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ ಎಂಬುದು ಕುಮಟಾದವರಿಗೆ ಹೇಳಿಕೊಡಬೇಕಾದದ್ದಲ್ಲ.

ಪ್ರಶ್ನೆ: ನಾವು ಮೂವರು ಗೆಳೆಯರು. ಆಗಸ್ಟಿನಲ್ಲಿ ಮೂರೇ ದಿನ ರಜೆ, ಕಾರಿಲ್ಲ. ಈ ದಾರಿಯ ಅತ್ಯುತ್ತಮ ಭಾಗಗಳನ್ನೆಲ್ಲ ಮೂರು ದಿನದಲ್ಲಿ ನೋಡುವುದು ಹೇಗೆ?
— ಓದುಗರು, ಲೆಸ್ಟರ್

ಉತ್ತರ: ‘ಎಲ್ಲ’ ಎಂಬ ಪದವನ್ನು ಕೈಬಿಟ್ಟರೆ ಸುಲಭ. ದ್ವೀಪದ ಉತ್ತರ ಮತ್ತು ಪೂರ್ವವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡು, ರೈಲು ಓಡುವ ಪಶ್ಚಿಮ ಮತ್ತು ನೈಋತ್ಯವನ್ನೇ ಹಿಡಿಯಿರಿ. ರೋಸ್‌ನೈಗರ್‌ನಲ್ಲಿ ಕೋಣೆ ಮಾಡಿ. ಆಗಸ್ಟ್ ಅಲ್ಲಿ ಜಾತ್ರೆಯ ಕಾಲ, ಇಂದೇ ಕಾದಿರಿಸುವುದು ಒಳ್ಳೆಯದು.

ಮೊದಲ ದಿನ ರೋಸ್‌ನೈಗರ್‌ನಿಂದ ಅಬರ್‌ಫ್ರೌವರೆಗೆ ನಡೆಯಿರಿ. ದಾರಿಯಲ್ಲಿ ಸುಮಾರು ಐದು ಸಾವಿರ ವರ್ಷ ಹಳೆಯ ಸಮಾಧಿಯ ದಿಬ್ಬವೊಂದಿದೆ; ಅದರ ವೆಲ್ಷ್ ಹೆಸರಿನ ಅರ್ಥ ‘ರಾಕ್ಷಸಿಯ ಉಡಿತುಂಬ’. ಅವಳು ಉಡಿಯಲ್ಲಿ ತುಂಬಿ ತಂದದ್ದು ಕಲ್ಲು. ಮೇಲೆ ಹೇಳಿದ ಕುಯ್ವಾನ್ ಚರ್ಚೂ ಇದೇ ಭಾಗದಲ್ಲಿದೆ. ಎರಡನೆಯ ದಿನ ರೈಲಿನಲ್ಲಿ ಹೋಲಿಹೆಡ್‌ಗೆ ಹೋಗಿ, ಸೌತ್ ಸ್ಟ್ಯಾಕ್ ಬಳಸಿ ಟ್ರೆಯಾರ್ದಿರ್ ಕೊಲ್ಲಿಯವರೆಗೆ ಬನ್ನಿ. ಮೂರು ದಿನಗಳಲ್ಲಿ ಇದೇ ಶ್ರಮದ ದಿನ, ಇದೇ ನೋಟದ ದಿನ. ಬಂಡೆಯ ಹಕ್ಕಿಗಳು ಅಷ್ಟರಲ್ಲಿ ಮರಿ ಹಾರಿಸಿಕೊಂಡು ಕಡಲಿಗೆ ಹೋಗಿರುತ್ತವೆ.

ಮೂರನೆಯ ದಿನಕ್ಕೆ ಅಬರ್‌ಫ್ರೌನಿಂದ ಮಾಲ್‌ಟ್ರೈತ್‌ವರೆಗಿನ ಭಾಗವನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಹೆಸರಿಗೆ ಕರಾವಳಿ ದಾರಿಯಾದರೂ, ಅಲ್ಲಿಯ ದೊಡ್ಡ ಎಸ್ಟೇಟನ್ನು ಬಳಸಿ ಅದು ಒಳನಾಡಿನಲ್ಲಿ ಸಾಗುವುದರಿಂದ ಬಹಳ ಹೊತ್ತು ಕಡಲು ಕಾಣುವುದಿಲ್ಲ. ಬದಲಿಗೆ ರೈಲಿನಲ್ಲಿ ಬೋಡೋರ್ಗನ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಮಾಲ್‌ಟ್ರೈತ್ ಹಳ್ಳಿಗೆ ನಡೆದು, ನದಿಮುಖದ ಒಡ್ಡಿನ ಮೇಲೆ ಹಾಯ್ದು ನ್ಯೂಬರೋ ಕಾಡು, ಲಾನ್‌ಡ್ವಿನ್‌ಗಳನ್ನು ನೋಡಿ ಬಂದ ದಾರಿಯಲ್ಲೇ ಮರಳಿ. ಬೋಡೋರ್ಗನ್‌ನಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ. ಇಳಿಯಬೇಕಿದ್ದರೆ ಹತ್ತಿದ ಕೂಡಲೇ ಗಾರ್ಡಿಗೆ ಹೇಳಿರಬೇಕು. ಮರಳುವಾಗ ಪ್ಲಾಟ್‌ಫಾರಂ ಮೇಲೆ ಚಾಲಕನಿಗೆ ಕಾಣುವ ಹಾಗೆ ನಿಂತು, ನಮ್ಮ ಹಳ್ಳಿಯ ಬಸ್ಸಿಗೆ ಮಾಡುವಂತೆ ಕೈ ಅಡ್ಡ ಹಿಡಿಯಬೇಕು.